ತಂತಿ ಇದ್ದೂ ತಡವೇಕೆ?



“300 ಎಂಬಿಪಿಎಸ್‌ಗೆ ದುಡ್ಡು ಕಟ್ಟುತ್ತೇವೆ. ವೈಫೈ ಬೇಡವೆಂದು ತಂತಿಯನ್ನೇ ಎಳೆಸಿದ್ದೇವೆ. ಆದರೂ ವೇಗ 95 ದಾಟುವುದಿಲ್ಲ!” ಇದು ಎಷ್ಟೋ ಮನೆಗಳ ಗೋಳು. ಈ 95 ಎಂಬ ಅಂಕಿಯಲ್ಲೇ ರೋಗದ ಸುಳಿವಿದೆ.

ರೂಟರಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ಲಿನೊಳಗೆ 8 ಸಣ್ಣ ತಂತಿಗಳು, ಅಂದರೆ 4 ಜೋಡಿ. 100 ಎಂಬಿಪಿಎಸ್‌ಗೆ 2 ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಬಾಗಿಲ ಸಂದಿಗೋ ಸೋಫಾದ ಕಾಲಿಗೋ ಸಿಕ್ಕಿ ಒಂದೇ ಒಂದು ತಂತಿ ತುಂಡಾದರೂ, ಎರಡು ಯಂತ್ರಗಳು ಸದ್ದಿಲ್ಲದೆ 100ಕ್ಕೆ ರಾಜಿಯಾಗಿಬಿಡಬಹುದು. ಇಂಟರ್ನೆಟ್ ನಿಲ್ಲುವುದಿಲ್ಲ, ಹಾಗಾಗಿ ನಮಗೆ ಗೊತ್ತೂ ಆಗುವುದಿಲ್ಲ. ತಿಂಗಳು ತಿಂಗಳು ಬಿಲ್ಲು ಮಾತ್ರ 300ರದೇ!

ಏನು ಮಾಡಬೇಕು? ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ ಸ್ಪೀಡ್’ ನೋಡಿ. 100 ಎಂದಿದ್ದರೆ ಮೊದಲು ಕೇಬಲ್ ಬದಲಿಸಿ. ಹೊಸದರ ಮೈಮೇಲೆ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಅಚ್ಚಾಗಿರಲಿ. ಆಗಲೂ 100 ಇದ್ದರೆ ರೂಟರಿನ ಬೇರೆ ಪೋರ್ಟಿಗೆ ಚುಚ್ಚಿ ನೋಡಿ. ಕೆಲವು ಅಗ್ಗದ ರೂಟರುಗಳ ಪೋರ್ಟುಗಳೇ 100ರವು, ಕಂಪ್ಯೂಟರಿನದೂ ಹಾಗಿರಬಹುದು. ಅಂಥಲ್ಲಿ ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ದಂಡ.

ಲಿಂಕ್ 1000 ಇದ್ದೂ ನಿಧಾನವೇ? ಬೇರೆ ಡೌನ್‌ಲೋಡುಗಳನ್ನೆಲ್ಲ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ಕಂಪನಿಗೆ ಫೋನು ಮಾಡಿ. ಒಂದು ಮಾತು: ಡೌನ್‌ಲೋಡ್ ವೇಗ ಮೆಗಾಬೈಟ್‌ನಲ್ಲಿದ್ದರೆ ಅದನ್ನು 8ರಿಂದ ಗುಣಿಸಿ ನೋಡಿ, ಆಮೇಲೆ ಜಗಳಕ್ಕೆ ನಿಲ್ಲಿ.

ಹೆಚ್ಚಿನ ಪ್ಲಾನಿಗೆ ಹಣ ಸುರಿಯುವ ಮೊದಲು ಒಂದು ಕೇಬಲ್ ಬದಲಿಸಿ ನೋಡುವುದು ಜಾಣತನ, ಅಲ್ಲವೇ?