ಡಿಸ್ಕಿಗೊಂದು ದಣಪೆ: ಭದ್ರತೆ ಮತ್ತು ಅನುಕೂಲಗಳ ನಡುವೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನ ತೋಟದ ದಾರಿಗೆ ಅಡ್ಡಲಾಗಿ ದಣಪೆ ಇರುತ್ತದೆ. ಕೆಲವೆಡೆ ಅದನ್ನು ಉಣುಗೋಲು ಎನ್ನುತ್ತಾರೆ. ಎರಡು ಕಂಬಗಳ ತೂತುಗಳಲ್ಲಿ ಬಿದಿರಿನ ಗಳುಗಳನ್ನು ತೂರಿಸಿದರೆ ಬಾಗಿಲು ಹಾಕಿದಂತೆ, ಸರಿಸಿದರೆ ತೆರೆದಂತೆ. ಎರಡೇ ಗಳುಗಳಿದ್ದರೆ ಕರು ನುಸುಳುತ್ತದೆ. ಎಂಟು ಗಳುಗಳಿದ್ದರೆ ಯಾವ ದನವೂ ನುಸುಳಲಾರದು, ನಿಜ. ಆದರೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದವರು ಎಂಟನ್ನೂ ಸರಿಸಿ, ದಾಟಿ, ಮತ್ತೆ ಎಂಟನ್ನೂ ತೂರಿಸುವ ತಾಳ್ಮೆಯನ್ನು ಎಷ್ಟು ದಿನ ಉಳಿಸಿಕೊಂಡಾರು? ವಾರ ಕಳೆಯುವುದರೊಳಗೆ ಗಳುಗಳು ಬೇಲಿಗೆ ಒರಗಿ ನಿಂತಿರುತ್ತವೆ, ತೋಟ ದನಗಳ ಪಾಲಾಗಿರುತ್ತದೆ. ಹಿರಿಯರು ಮೂರೋ ನಾಲ್ಕೋ ಗಳುಗಳಿಗೆ ತೃಪ್ತರಾದದ್ದು ಈ ಅನುಭವದಿಂದಲೇ. ಕಂಪ್ಯೂಟರಿನ ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ, ಅಂದರೆ ಎನ್‌ಕ್ರಿಪ್ಟ್ ಮಾಡುವ ತಂತ್ರಾಂಶಗಳ ಮುಂದಿರುವ ಪ್ರಶ್ನೆಯೂ ಇದೇ ಆಗಿದೆ: ಎಷ್ಟು ಗಳು ಸಾಕು?

ಹಳ್ಳಿಯ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ ಎಂಬ ಸಂದೇಹ ಸಹಜ. 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ಗ್ರಾಮಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಗಳು ಸಿದ್ಧಗೊಂಡಿವೆ. ವಿದ್ಯಾರ್ಥಿಗಳು ಕಾನು, ಬೆಟ್ಟ, ಹೊಳೆದಂಡೆಗಳನ್ನು ಸುತ್ತಿ ಮಾಹಿತಿ ಸಂಗ್ರಹಿಸುತ್ತಾರೆ. ಅದರ ಬಹುಪಾಲು ಎಲ್ಲರಿಗೂ ತಿಳಿಯಬೇಕಾದದ್ದೇ. ಭತ್ತದ ತಳಿಯ ಹೆಸರನ್ನು ಬಚ್ಚಿಡುವುದರಿಂದ ತಳಿ ಉಳಿಯದು. ಆದರೆ ಶ್ರೀಗಂಧದ ಮರ ನಿಂತ ಜಾಗದ ಜಿ.ಪಿ.ಎಸ್. ಅಂಕಿಗಳು, ಕೊಂಬೆ ಕಡಿದು ಮಿಡಿ ಕೊಯ್ಯುವವರ ಕಣ್ಣಿಗೆ ಇನ್ನೂ ಬೀಳದ ಅಪ್ಪೆಮಿಡಿ ಮರದ ನೆಲೆ, ಎಳೆಗಾಯಿಯಲ್ಲೇ ಬೋಳಾಗುತ್ತಿರುವ ರಾಮಪತ್ರೆಯ ತಾಣ, ನಾಟಿ ವೈದ್ಯರು ನಂಬಿಕೆಯ ಮೇಲೆ ತಿಳಿಸಿದ ಔಷಧದ ವಿವರ ಇವು ಬೇರೆ ಬಗೆಯವು. ದಕ್ಷಿಣ ಚೀನಾದ ಒಂದು ಗುಹಾಹಲ್ಲಿಯನ್ನು ವಿಜ್ಞಾನಿಗಳು 1999ರಲ್ಲಿ ವಿವರಿಸಿದರು. ಆ ವಿವರಣೆಯ ಜಾಡು ಹಿಡಿದು ಬಂದ ಸಂಗ್ರಾಹಕರ ಕೈಗೆ ಸಿಕ್ಕಿ, ಅದು ಮೊದಲು ದೊರೆತ ಸ್ಥಳದಲ್ಲಿಯೇ ಇಲ್ಲವಾದ ಸಂಗತಿಯನ್ನು 2006ರಲ್ಲಿ ‘ಸೈನ್ಸ್’ ಪತ್ರಿಕೆಯ ಬರಹವೊಂದು ದಾಖಲಿಸಿತು. ನೆಲೆಯ ಮಾಹಿತಿಯೇ ಕೊಡಲಿಯಾಗಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಬೀಗವೂ ಬೀಗದಂತೆ ಕಾಣುವುದೂ

ಕಂಪ್ಯೂಟರ್ ತೆರೆಯುವಾಗ ಕೇಳುವ ಪಾಸ್‌ವರ್ಡೇ ಬೀಗವೆಂಬ ನಂಬಿಕೆ ವ್ಯಾಪಕವಾಗಿದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಅದು ಚಾವಡಿಯಲ್ಲಿ ಕುಳಿತ ಕಾವಲುಗಾರ ಮಾತ್ರ, ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಒಳಗಿನ ಕಡತಗಳೆಲ್ಲ ಓದಲು ಸಿಗುತ್ತವೆ. ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಬರೆಯಲ್ಪಟ್ಟದ್ದೆಲ್ಲ ಕೀಲಿ ಇಲ್ಲದವರಿಗೆ ಅರ್ಥವಿಲ್ಲದ ಅಂಕಿಗಳ ರಾಶಿ. ಇಂದು ಬಹುತೇಕ ಬಳಕೆಯಲ್ಲಿರುವ ಎ.ಇ.ಎಸ್. ವಿಧಾನವನ್ನು ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದರು. 2001ರಲ್ಲಿ ಅದು ಅಮೆರಿಕದ ಅಧಿಕೃತ ಮಾನಕವಾಯಿತು. ಅದರ ಗಣಿತವನ್ನು ನೇರವಾಗಿ ಒಡೆದು ಡಿಸ್ಕ್ ಓದುವ ಕಾರ್ಯಸಾಧ್ಯ ಮಾರ್ಗ ಈವರೆಗೆ ಬಹಿರಂಗವಾಗಿಲ್ಲ. ಆದುದರಿಂದ ಕಳ್ಳನ ಪ್ರಯತ್ನವೆಲ್ಲ ಬೀಗದ ಮೇಲಲ್ಲ, ಕೀಲಿಯ ಮೇಲೆ ನಡೆಯುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಡಿಸ್ಕನ್ನು ಮುಚ್ಚುವ ಮೂಲ ಕೀಲಿಯು ಬಳಕೆದಾರ ನೀಡಿದ ಪಾಸ್‌ವರ್ಡ್ ಅಲ್ಲ. ಯಂತ್ರವು ಯಾದೃಚ್ಛಿಕವಾಗಿ ಸೃಷ್ಟಿಸಿದ ದೀರ್ಘ ಸಂಖ್ಯೆಯೇ ಮೂಲ ಕೀಲಿ. ಅದನ್ನು ಸಾಮಾನ್ಯವಾಗಿ ಡಿಸ್ಕಿನ ಆರಂಭದ ಪುಟ್ಟ ಭಾಗವೊಂದರಲ್ಲಿ ಮುಚ್ಚಿಟ್ಟಿರುತ್ತಾರೆ. ಪಾಸ್‌ವರ್ಡ್ ಆ ಪುಟ್ಟ ಪೆಟ್ಟಿಗೆಯನ್ನಷ್ಟೇ ತೆರೆಯುತ್ತದೆ. ಆದ್ದರಿಂದಲೇ ಪಾಸ್‌ವರ್ಡ್ ಬದಲಿಸಿದಾಗ ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಾಗುವುದಿಲ್ಲ. ಅದೇ ಕಾರಣಕ್ಕೆ, ಆ ಪುಟ್ಟ ಭಾಗ ಕೆಟ್ಟುಹೋದರೆ ಉಳಿದ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಪ್ರಯೋಜನವಿಲ್ಲ.

ಕಾಯುವಿಕೆಯ ಬೆಲೆ

ಪಾಸ್‌ವರ್ಡಿನಿಂದ ಪೆಟ್ಟಿಗೆ ತೆರೆಯುವ ಕ್ರಿಯೆಯನ್ನು ತಂತ್ರಾಂಶಗಳು ಬೇಕೆಂದೇ ನಿಧಾನಗೊಳಿಸುತ್ತವೆ. ಒಂದೇ ಲೆಕ್ಕವನ್ನು ಸಾವಿರಾರು ಸಲ ಮಾಡಿಸುತ್ತವೆ. ಒಡೆಯನು ದಿನಕ್ಕೆ ಒಂದೆರಡು ಬಾರಿ ಕಾದರೆ ಸಾಕು, ಊಹೆಯಿಂದ ಹುಡುಕುವ ಕಳ್ಳನು ಪ್ರತಿ ಊಹೆಗೂ ಕಾಯಬೇಕು. 2004ರಲ್ಲಿ ಬಿಡುಗಡೆಯಾದ ಟ್ರೂಕ್ರಿಪ್ಟ್ ತಂತ್ರಾಂಶದಲ್ಲಿ ಈ ಆವರ್ತನೆ 1,000 ಅಥವಾ 2,000 ಇತ್ತು. 2013ರಲ್ಲಿ ಅದರಿಂದ ಕವಲೊಡೆದ ವೆರಾಕ್ರಿಪ್ಟ್, ಕಡತಪೆಟ್ಟಿಗೆಗಳಿಗೆ ಅದನ್ನು 5,00,000ಕ್ಕೆ ಏರಿಸಿತು. ಭದ್ರತೆ ಹೆಚ್ಚಿತು, ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತೆರೆಯಲು ಕಾಯುವುದೂ ಹೆಚ್ಚಿತು. ಬೇಸತ್ತವರಿಗಾಗಿ 2015ರಲ್ಲಿ ‘ಪಿಮ್’ ಎಂಬ ಆಯ್ಕೆ ಬಂದಿತು. ಆ ಸಂಖ್ಯೆಯನ್ನು ತಗ್ಗಿಸಿದರೆ ಆವರ್ತನೆ ತಗ್ಗುತ್ತದೆ, ಡಿಸ್ಕ್ ಬೇಗ ತೆರೆಯುತ್ತದೆ. ಆದರೆ ಪಾಸ್‌ವರ್ಡ್ 20 ಅಕ್ಷರಗಳಿಗಿಂತ ಚಿಕ್ಕದಾಗಿದ್ದರೆ ತಗ್ಗಿಸಲು ತಂತ್ರಾಂಶವು ಒಪ್ಪುವುದಿಲ್ಲ. ಗಳುಗಳ ಸಂಖ್ಯೆ ಕಡಿಮೆ ಮಾಡಬೇಕಾದರೆ ಒಂದೊಂದು ಗಳುವೂ ಗಟ್ಟಿಯಾಗಿರಲಿ ಎಂಬ ನ್ಯಾಯವಿದು.

ಲೆಕ್ಕವನ್ನು ಬಿಡಿಸಿ ನೋಡಬಹುದು. ಆರು ಅಂಕಿಗಳ ಪಾಸ್‌ವರ್ಡಿಗೆ 10 ಲಕ್ಷ ಸಾಧ್ಯತೆಗಳಿವೆ. ಊಹೆಯೊಂದಕ್ಕೆ ಒಂದು ಸೆಕೆಂಡ್ ಹಿಡಿದರೂ ಹನ್ನೆರಡು ದಿನಗಳೊಳಗೆ ಎಲ್ಲವೂ ಮುಗಿಯುತ್ತವೆ. ಆವರ್ತನೆ 500 ಪಟ್ಟು ಕಡಿಮೆಯಿದ್ದರೆ ಸುಮಾರು 33 ನಿಮಿಷಗಳು ಸಾಕು. ಅದರ ಬದಲು 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಐದು ಪದಗಳನ್ನು ಆಯ್ದರೆ, ಸೆಕೆಂಡಿಗೊಂದು ಊಹೆ ಮಾಡುವ 10 ಲಕ್ಷ ಯಂತ್ರಗಳು ದುಡಿದರೂ ಎಲ್ಲ ಸಾಧ್ಯತೆಗಳನ್ನು ಮುಗಿಸಲು ಸುಮಾರು 9 ಲಕ್ಷ ವರ್ಷಗಳು ಬೇಕು. ಐದು ಪದಗಳನ್ನು ನೆನಪಿಡುವುದು ಅಂಥ ಕಷ್ಟವೇನಲ್ಲ. ಆದರೆ ಆಯ್ಕೆಯನ್ನು ದಾಳವೇ ಮಾಡಬೇಕು. ಮನೆದೇವರು, ಮಗಳು, ಊರು, ಹುಟ್ಟಿದ ವರ್ಷ ಇವನ್ನು ಜೋಡಿಸಿದ ಪದಪುಂಜವನ್ನು ಪರಿಚಿತರು ಒಂದು ಮಧ್ಯಾಹ್ನದಲ್ಲಿ ಊಹಿಸಬಲ್ಲರು.

ಅನುಕೂಲದ ಹಾದಿಯಲ್ಲಿ ಇನ್ನೂ ಮುಂದೆ ಹೋಗಿರುವ ವ್ಯವಸ್ಥೆಗಳಿವೆ. 2007ರಲ್ಲಿ ವಿಂಡೋಸ್ ವಿಸ್ಟಾದೊಡನೆ ಬಂದ ಬಿಟ್‌ಲಾಕರ್, ಕೀಲಿಯನ್ನು ಯಂತ್ರದೊಳಗಿನ ಟಿ.ಪಿ.ಎಂ. ಎಂಬ ಚಿಪ್ಪಿನ ವಶಕ್ಕೆ ಒಪ್ಪಿಸಬಲ್ಲದು. ಸ್ವಿಚ್ ಒತ್ತಿದೊಡನೆ ಚಿಪ್ ತಾನೇ ಕೀಲಿ ನೀಡುತ್ತದೆ, ಬಳಕೆದಾರನಿಗೆ ಬೀಗವಿರುವುದೇ ತಿಳಿಯದು. ಡಿಸ್ಕನ್ನು ಮಾತ್ರ ಕದ್ದವನಿಗೆ ಇದು ಗಟ್ಟಿ ತಡೆ. ಲ್ಯಾಪ್‌ಟಾಪನ್ನೇ ಹೊತ್ತೊಯ್ದವನ ಕೈಯಲ್ಲಿ ಬೀಗವೂ ಕೀಲಿಯೂ ಒಟ್ಟಿಗೇ ಇರುತ್ತವೆ. ಚಿಪ್ ಪ್ರತ್ಯೇಕವಾಗಿರುವ ಕೆಲವು ಮಾದರಿಗಳಲ್ಲಿ, ಅದರಿಂದ ಹೊರಡುವ ತಂತಿಗಳ ಮೇಲೆಯೇ ಕೀಲಿಯನ್ನು ಹಿಡಿದು ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟರು. ಯಂತ್ರ ಆರಂಭವಾಗುವಾಗ ಒಂದು ಪಿನ್ ಕೇಳುವಂತೆ ಮಾಡಿದರೆ ಈ ದಾರಿ ಮುಚ್ಚುತ್ತದೆ. ವಿಂಡೋಸಿನ ಹೋಮ್ ಆವೃತ್ತಿಯ ಸೆಟ್ಟಿಂಗುಗಳಲ್ಲಿ ಈ ಸೌಲಭ್ಯ ದೊರೆಯದು, ಪ್ರೊ ಆವೃತ್ತಿ ಬೇಕು. ಸಾಧಾರಣ ಕಳ್ಳನ ಭಯ ಮಾತ್ರವಿರುವ ಮನೆಗೆ ಚಿಪ್ಪಿನ ವ್ಯವಸ್ಥೆಯೇ ಸಾಲುತ್ತದೆ. ಗಂಧದ ಮರಗಳ ನಕ್ಷೆ ಇರುವ ಯಂತ್ರಕ್ಕೆ ಸಾಲದು.

ಇನ್ನೊಂದು ಅಭ್ಯಾಸವೂ ಗಮನಾರ್ಹ. ಮುಚ್ಚಳ ಮಡಚಿ ಲ್ಯಾಪ್‌ಟಾಪನ್ನು ನಿದ್ರಾಸ್ಥಿತಿಯಲ್ಲಿ ಇಟ್ಟಾಗ ಕೀಲಿಯು ಸಾಮಾನ್ಯವಾಗಿ ಅದರ ಸ್ಮೃತಿಯಲ್ಲಿ ಉಳಿದೇ ಇರುತ್ತದೆ. ವಿದ್ಯುತ್ ಕಡಿತಗೊಂಡ ಮೇಲೂ ಕೆಲಕಾಲ, ತಂಪುಗೊಳಿಸಿದರೆ ಇನ್ನೂ ಹೆಚ್ಚು ಕಾಲ, ಸ್ಮೃತಿಯಲ್ಲಿದ್ದದ್ದು ಅಳಿಯುವುದಿಲ್ಲವೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿದರು. ಬಸ್ಸು ಹತ್ತುವ ಮುನ್ನ ಯಂತ್ರವನ್ನು ಪೂರ್ತಿಯಾಗಿ ಆರಿಸುವುದಕ್ಕೆ ಖರ್ಚೇನೂ ಇಲ್ಲ.

ಕೀಲಿ ಕಳೆದರೆ ಕಣಜವೇ ಹೋಯಿತು

ಇಷ್ಟಾದರೂ, ಮಲೆನಾಡಿನಲ್ಲಿ ಮಾಹಿತಿಯು ಕಳ್ಳನಿಂದ ನಾಶವಾಗುವುದಕ್ಕಿಂತ ಸಿಡಿಲಿನಿಂದ, ಮಳೆಗಾಲದ ತೇವದಿಂದ, ಮರೆವಿನಿಂದ ನಾಶವಾಗುವ ಸಂಭವವೇ ಹೆಚ್ಚು. ಎನ್‌ಕ್ರಿಪ್ಶನ್ ಈ ಅಪಾಯವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಸಾಧಾರಣ ಡಿಸ್ಕ್ ಕೆಟ್ಟಾಗ ನಗರದ ರಿಪೇರಿಯವರು ಅಷ್ಟಿಷ್ಟು ಕಡತಗಳನ್ನು ಎತ್ತಿಕೊಡಬಹುದು. ಕೀಲಿ ಕಳೆದ ಡಿಸ್ಕಿನಿಂದ ಒಂದು ಸಾಲನ್ನೂ ಎತ್ತಲಾಗದು. ಸಮಿತಿಯ ಕಾರ್ಯದರ್ಶಿಯೊಬ್ಬರೇ ಪಾಸ್‌ವರ್ಡ್ ಬಲ್ಲವರಾಗಿದ್ದು, ಅವರು ಅಕಸ್ಮಾತ್ ತೀರಿಕೊಂಡರೆಂದು ಭಾವಿಸಿರಿ. ಹತ್ತು ವರ್ಷಗಳ ದಾಖಲಾತಿ, ಅಷ್ಟರಲ್ಲಿ ಕಾಲವಾದ ಹಿರಿಯರ ಮಾತುಗಳ ಧ್ವನಿಮುದ್ರಣ ಎಲ್ಲವೂ ಅವರೊಡನೆಯೇ ಹೋದಂತೆ. ಕಳ್ಳನು ಮರವನ್ನು ಒಯ್ಯುತ್ತಾನೆ, ಈ ಬೀಗವು ಊರಿನ ನೆನಪನ್ನೇ ಒಯ್ಯುತ್ತದೆ. ಭದ್ರತೆಯ ಹೆಸರಿನಲ್ಲಿ ಇಂಥ ನಷ್ಟಕ್ಕೆ ದಾರಿ ಮಾಡಿಕೊಡುವುದು ಜಾಣತನವಲ್ಲ.

ಪರಿಹಾರವಿಲ್ಲದಿಲ್ಲ. ಲಿನಕ್ಸಿನ ಲಕ್ಸ್ ವ್ಯವಸ್ಥೆಯಲ್ಲಿ ಒಂದೇ ಡಿಸ್ಕಿಗೆ ಹಲವು ಪಾಸ್‌ವರ್ಡುಗಳನ್ನು ಇಡಬಹುದು. ಅದರ ಮೊದಲ ಆವೃತ್ತಿಯಲ್ಲಿ ಎಂಟು ಸ್ಥಾನಗಳಿದ್ದವು, ಎರಡನೆಯದರಲ್ಲಿ 32ರವರೆಗೆ ಇವೆ. ಅಧ್ಯಕ್ಷರಿಗೊಂದು, ಕಾರ್ಯದರ್ಶಿಗೊಂದು ಪಾಸ್‌ವರ್ಡ್ ಇದ್ದು, ಒಬ್ಬರು ಬಿಟ್ಟುಹೋದಾಗ ಅವರದನ್ನು ಮಾತ್ರ ಅಳಿಸಬಹುದು. ಬಿಟ್‌ಲಾಕರ್ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ನೀಡುತ್ತದೆ. 2024ರ ವಿಂಡೋಸ್ 11ರ ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಯಂತ್ರಗಳಲ್ಲಿ ಎನ್‌ಕ್ರಿಪ್ಶನ್ ತಾನಾಗಿಯೇ ಆರಂಭವಾಗುತ್ತದೆ, ಆ ಕೀಲಿ ಕಂಪನಿಯ ಖಾತೆಯಲ್ಲಿ ಉಳಿಯುತ್ತದೆ. ಇದು ಅನೇಕರಿಗೆ ತಿಳಿದಿರುವುದಿಲ್ಲ. ಮದರ್‌ಬೋರ್ಡ್ ಬದಲಿಸಿದ ದಿನ ಪರದೆಯ ಮೇಲೆ 48 ಅಂಕಿಗಳನ್ನು ಕೇಳಿದಾಗಲೇ ಗಾಬರಿ. ಕೀಲಿ ಪರರ ಬಳಿ ಇರುವುದು ಅನುಕೂಲವೇ, ಆದರೆ ಇಟ್ಟುಕೊಂಡವನು ಅದನ್ನು ಬಳಸಲೂಬಲ್ಲ. ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಪೆಟ್ಟಿಗೆಯಲ್ಲಿ ಇಡುವ ಕ್ರಮ ಹಳೆಯದೆನಿಸಿದರೂ ಒಳ್ಳೆಯದು.

ಬೇಲಿಗೆ ವರ್ಷವರ್ಷವೂ ಕೆಲಸವಿರುವಂತೆ ತಂತ್ರಾಂಶಕ್ಕೂ ಇರುತ್ತದೆ. 2014ರ ಮೇ ತಿಂಗಳಲ್ಲಿ ಟ್ರೂಕ್ರಿಪ್ಟಿನ ಕರ್ತೃಗಳು ಅದನ್ನು ಹಠಾತ್ತಾಗಿ ಕೈಬಿಟ್ಟರು. 2015ರ ಏಪ್ರಿಲಿನಲ್ಲಿ ಮುಗಿದ ಸ್ವತಂತ್ರ ಪರಿಶೀಲನೆಯಲ್ಲಿ ಉದ್ದೇಶಪೂರ್ವಕ ಕಳ್ಳದಾರಿ ಯಾವುದೂ ಕಂಡುಬರಲಿಲ್ಲ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ವಿಂಡೋಸಿನಲ್ಲಿ ಚಲಿಸುವ ಅದರ ಭಾಗದಲ್ಲಿ ಗಂಭೀರ ದೋಷಗಳು ಬೆಳಕಿಗೆ ಬಂದವು. ವೆರಾಕ್ರಿಪ್ಟ್ ಅವನ್ನು ಸರಿಪಡಿಸಿತು, ಟ್ರೂಕ್ರಿಪ್ಟನ್ನು ಸರಿಪಡಿಸುವವರು ಇರಲಿಲ್ಲ. ಅಭ್ಯಾಸವಾಗಿದೆಯೆಂಬ ಅನುಕೂಲಕ್ಕಾಗಿ ಹಳೆಯ ತಂತ್ರಾಂಶವನ್ನೇ ನೆಚ್ಚಿಕೊಳ್ಳುವುದು ಲೊಂಚು ಹಿಡಿದ ಗಳುವನ್ನು ನಂಬಿದಂತೆ.

ಕಾನೂನಿನ ವಿಷಯದಲ್ಲಿಯೂ ಸ್ಪಷ್ಟತೆ ಅಗತ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 69ನೆಯ ಕಲಮಿನ ಪ್ರಕಾರ, ಅಧಿಕಾರಯುತ ಆದೇಶ ಬಂದಾಗ ಗೂಢಲಿಪಿ ತೆರೆಯಲು ನೆರವಾಗಬೇಕು, ನಿರಾಕರಿಸಿದರೆ ಏಳು ವರ್ಷಗಳವರೆಗೆ ಸೆರೆವಾಸವಿದೆ. ಡಿಸ್ಕಿನ ಬೀಗವು ಕಳ್ಳನ ವಿರುದ್ಧದ ಬೇಲಿಯೇ ಹೊರತು ನ್ಯಾಯಾಲಯದ ವಿರುದ್ಧದ ಕೋಟೆಯಲ್ಲ.

ಎಷ್ಟು ಗಳು ಸಾಕು?

ಗ್ರಾಮ ಸಮಿತಿಗಳು ಮೊದಲು ಮಾಡಬೇಕಾದದ್ದು ವಿಂಗಡಣೆ. ತಳಿಗಳ ಹೆಸರು, ಕೃಷಿ ಪದ್ಧತಿ, ಹಬ್ಬದ ಅಡುಗೆ ಇವಕ್ಕೆ ಬೀಗ ಬೇಡ, ಇವುಗಳ ಪ್ರತಿಗಳು ಊರೆಲ್ಲ ಹರಡಲಿ. ಅಪರೂಪದ ಜೀವಿಗಳ ನಿಖರ ನೆಲೆ ಮತ್ತು ನಂಬಿಕೆಯ ಮೇಲೆ ದೊರೆತ ಅರಿವು ಮಾತ್ರ ಪ್ರತ್ಯೇಕ ಪೆಟ್ಟಿಗೆಯಲ್ಲಿರಲಿ, ದಾಳದಿಂದ ಆಯ್ದ ಐದು ಪದಗಳು ಅದನ್ನು ಕಾಯಲಿ. ನಿತ್ಯ ಬಳಕೆಯ ಡಿಸ್ಕಿಗೆ ಯಂತ್ರದೊಡನೆ ಬರುವ ವ್ಯವಸ್ಥೆಯೇ ಸಾಕು. ಪಾಸ್‌ವರ್ಡನ್ನು ಇಬ್ಬರು ಬಲ್ಲವರಿರಲಿ, ಮೊಹರು ಮಾಡಿದ ಲಕೋಟೆಯೊಂದು ಮೂರನೆಯವರ ಮನೆಯಲ್ಲಿರಲಿ. ಎರಡು ಪ್ರತಿಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ, ಸಿಡಿಲು ಎರಡು ಊರುಗಳನ್ನು ಒಟ್ಟಿಗೆ ಹುಡುಕಿ ಬರುವುದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ, ತೋಟದ ಬಸಿಗಾಲುವೆ ಬಿಡಿಸುವ ದಿನಗಳಲ್ಲಿ, ಸಮಿತಿಯವರು ಒಟ್ಟಿಗೆ ಕುಳಿತು ಆ ಪ್ರತಿಗಳು ನಿಜವಾಗಿ ತೆರೆಯುತ್ತವೆಯೇ ಎಂದು ಪರೀಕ್ಷಿಸಲಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು.

ಈ ಕ್ರಮವೂ ಭಾರವೆನಿಸಿದರೆ ಒಂದೆರಡು ಗಳುಗಳನ್ನು ತೆಗೆಯಬಹುದು. ಯಾವುದನ್ನು ತೆಗೆಯಬೇಕೆಂಬುದನ್ನು ದಿನವೂ ಆ ದಣಪೆಯನ್ನು ದಾಟುವವರೇ ಸಭೆ ಸೇರಿ ನಿರ್ಧರಿಸಲಿ. ಅವರು ಒಪ್ಪಿದ ಬೀಗ ಮಾತ್ರ ನಾಳೆಯೂ ಹಾಕಿರುತ್ತದೆ.