ಇಂಗ್ಲಿಷ್ ಸಾಲದ ಕಡೆ

ವಿದೇಶಿ ಭಾಷೆಯ ಮಾತು ಬಂದಾಗ ಪೋಷಕರು ಮೊದಲು ಕೇಳುವುದು, ಅದನ್ನು ಎಷ್ಟು ಕೋಟಿ ಜನ ಆಡುತ್ತಾರೆ ಎಂದು. ಶಾಲೆಗೆ ಈ ಲೆಕ್ಕ ಅಷ್ಟು ಮುಖ್ಯವಲ್ಲ. ಎಲ್ಲರೊಡನೆ ವ್ಯವಹರಿಸಲು ಒಂದು ಸಮಾನ ಭಾಷೆ ಬೇಕು, ನಿಜ. ಆದರೆ ಅದೂ ತಲೆಯೆಣಿಕೆಯಿಂದಲೇ ತೀರ್ಮಾನವಾಗುವುದಿಲ್ಲ. 1928ರಲ್ಲಿ ಇಂಡೋನೇಷ್ಯಾದ ಯುವಜನರು ತಮ್ಮೆಲ್ಲರ ಭಾಷೆಯೆಂದು ಒಪ್ಪಿಕೊಂಡದ್ದು ಅತಿ ಹೆಚ್ಚು ಜನರ ಮನೆಮಾತಾದ ಜಾವಾನೀಸನ್ನಲ್ಲ. ಬಂದರು, ಪೇಟೆಗಳಲ್ಲಿ ಬಳಕೆಯಲ್ಲಿದ್ದ ಮಲಯ್ ಭಾಷೆಯನ್ನು. ದೊಡ್ಡ ಸಮುದಾಯವೊಂದರ ಯಜಮಾನಿಕೆಯ ಭಯ ಅದರಲ್ಲಿರಲಿಲ್ಲ. ಹೊರಜಗತ್ತಿನೊಡನೆ ನಮಗೆ ಆ ಕೆಲಸವನ್ನು ಇಂಗ್ಲಿಷ್ ಮಾಡುತ್ತಿದೆ, ಅದು ಬಂದ ದಾರಿ ಹೇಗೇ ಇರಲಿ. ಆದ್ದರಿಂದ ಇನ್ನೊಂದು ವಿದೇಶಿ ಭಾಷೆಯನ್ನು ಆರಿಸುವಾಗ ಇಂಗ್ಲಿಷ್ ಎಲ್ಲಿ ಸಾಲದು ಎಂದು ಕೇಳಬೇಕು.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿಗೆ ಅಂಗಡಿ, ಕಚೇರಿಗಳಲ್ಲಿ ಇಂಗ್ಲಿಷ್ ಸಾಕಾದೀತು. ಆದರೆ ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನಲ್ಲಿ, ಬೇರೆ ಭಾಷೆಯ ಪ್ರತಿ ಜೊತೆಗಿದ್ದರೂ, ಕರಾರಿನ ಅರಬ್ಬಿ ಪಾಠವೇ ಅಂತಿಮ. ಅದನ್ನು ಓದಲಾರದವರು ಇನ್ನೊಬ್ಬರ ಮಾತು ನಂಬಿ ಸಹಿ ಹಾಕಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢ ಹಂತಕ್ಕೆಂದು ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಭಾಷೆಗಳನ್ನು ಹೆಸರಿಸಿದೆ. ಕೊರಿಯನ್ ಇರುವುದು ಸಂತೋಷ. ಅರಬ್ಬಿ ಇಲ್ಲದಿರುವುದು ಮಂಗಳೂರು, ಭಟ್ಕಳದ ಕಡೆಯಿಂದ ನೋಡಿದರೆ ವಿಚಿತ್ರ. ನೀತಿಯಲ್ಲಿರುವುದು ಬರಿಯ ಉದಾಹರಣೆಗಳ ಪಟ್ಟಿಯಾದ್ದರಿಂದ ಶಾಲೆಗಳಿಗೆ ಅಡ್ಡಿಯೇನೂ ಇಲ್ಲ. ಹಾಗೆಂದು ಹೊಟ್ಟೆಪಾಡೊಂದೇ ಅಳತೆಯಲ್ಲ. ಜರ್ಮನಿಯಿಂದ ಬಂದ ಕಿಟೆಲ್ ದುಭಾಷಿಗಳನ್ನು ನಂಬಿ ಕುಳಿತಿದ್ದರೆ 1894ರ ಕನ್ನಡ ನಿಘಂಟು ಆಗುತ್ತಿರಲಿಲ್ಲ. ನಾವೋ, ಸ್ಪ್ಯಾನಿಷ್, ಜಪಾನಿ ಕಾದಂಬರಿಗಳನ್ನು ಇವತ್ತಿಗೂ ಬಹುಪಾಲು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇವೆ.

ಕನ್ನಡವನ್ನೇ ಸರಾಗವಾಗಿ ಓದಲಾರದ ಮಕ್ಕಳಿಗೆ ಇನ್ನೊಂದು ವಿದೇಶಿ ಭಾಷೆ ಏಕೆ ಎಂಬ ಆಕ್ಷೇಪ ಹಗುರವಾದುದಲ್ಲ. ಅದನ್ನು ಒಪ್ಪಿಯೇ ಹೇಳುತ್ತೇನೆ: ಪ್ರಾಥಮಿಕ ಶಾಲೆಯಲ್ಲಿ ಬೇಡ, ಒಂಬತ್ತನೆಯ ತರಗತಿಯಿಂದ, ಬಯಸಿದವರಿಗೆ ಸಾಕು. ಅನುವಾದಕ್ಕೆ ಮೊಬೈಲ್ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು: ಕರಾರಿನ ಅನುವಾದ ಸರಿಯೋ ತಪ್ಪೋ ಎಂದು ನೋಡಲಾದರೂ ಆ ಭಾಷೆ ಬಲ್ಲವರು ಬೇಕು.

ನನ್ನ ಅಳುಕು ಬೇರೆ ಕಡೆ ಇದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ನಂತರ ಮೂರನೆಯ ಭಾಷೆಯಾಗಿ ಕಲಿಸುತ್ತಿದ್ದ ಜರ್ಮನನ್ನು 2014ರಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ ಕೈಬಿಡಲಾಯಿತು. ನೀತಿ ಸರಿಯೋ ತಪ್ಪೋ, ಅರ್ಧ ಕಲಿತ ಮಕ್ಕಳ ಶ್ರಮವಂತೂ ವ್ಯರ್ಥವಾಯಿತು. ಆದ್ದರಿಂದ ಯಾವ ಭಾಷೆ ಎಂದು ನಿರ್ಧರಿಸುವ ಮೊದಲು, ಕನಿಷ್ಠ ನಾಲ್ಕು ವರ್ಷ ಬಿಡದೆ ಕಲಿಸುವ ಶಿಕ್ಷಕರು ಸಿಗುತ್ತಾರೆಯೇ, ಅವರ ಸಂಬಳ ಯಾರು ಕೊಡುತ್ತಾರೆ ಎಂದು ಆಡಳಿತ ಮಂಡಳಿಗಳು ಕೇಳಿಕೊಳ್ಳಲಿ. ಇಷ್ಟು ಹೇಳಿ, ಈ ಭಾಷಾ ಮೇಳವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.