ಮೊದಲು ಬಾಯಲ್ಲಿ ಹೇಳಿ, ಆಮೇಲೆ ಅಚ್ಚು ಹಾಕಿ

(ಬಳಗಾನೂರಿನಲ್ಲಿ ಡಿ.ಟಿ.ಪಿ. ಹಾಗೂ ಬೋರ್ಡ್ ಬರೆಯುವ ಕೆಲಸ ಕಲಿಯುತ್ತಿರುವ ಯುವಕ ಯುವತಿಯರೆದುರು ಆಡಿದ ಮಾತು)



ನಾನು ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸು ಹಿಡಿದವನು. ಜಾಹೀರಾತು ಕಲಿಸುವ ಕಾಲೇಜಿನ ಬಾಗಿಲು ಕಂಡವನಲ್ಲ. ನನ್ನ ಕಾಲೇಜು ಟ್ರೆಡಲ್ ಯಂತ್ರ. ಆಗ ಒಂದೊಂದು ಮೊಳೆಯನ್ನೂ ಕೈಯಾರೆ ಆರಿಸಿ ಜೋಡಿಸಬೇಕಿತ್ತು. ಒತ್ತಕ್ಷರದ ಮೊಳೆ ತೀರಿದರೆ ಪದವನ್ನೇ ಬದಲಿಸಬೇಕು! ‘ಅತ್ಯುತ್ಕೃಷ್ಟ’ ಎನ್ನುವ ಕಡೆ ‘ಭಾರಿ ಚಲೋ’ ಎನ್ನುತ್ತಿದ್ದೆವು. ಗಿರಾಕಿಗೂ ಅದೇ ತಿಳಿಯುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಬರವಿಲ್ಲ. ಬರ ಬಂದಿರುವುದು ಮಾತಿಗೆ.

ಟಿ.ವಿ. ಜಾಹೀರಾತು ನೋಡಿ. ಎಷ್ಟೋ ಮುಂಬೈಯಲ್ಲಿ ಹಿಂದಿಯಲ್ಲಿ ಹುಟ್ಟಿ, ಕನ್ನಡದ ಅಂಗಿ ತೊಟ್ಟು ಬರುತ್ತವೆ. ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು. ನಮ್ಮವರೇನು ಕಡಿಮೆ? 2024ರ ಕಾಯ್ದೆ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಒಳ್ಳೆಯದೇ. ಆದರೆ ‘ನ್ಯೂ ಲೇಡೀಸ್ ಫ್ಯಾಷನ್ ಕಲೆಕ್ಷನ್’ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಅಧಿಕಾರಿಯ ಟೇಪಿಗೆ ಸಾಕಾದೀತು, ಸೀರೆ ಕೊಳ್ಳಲು ಬಂದ ಅಕ್ಕನಿಗೆ?

ಮೈಸೂರು ಸ್ಯಾಂಡಲ್ ಸೋಪನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು ಎಣ್ಣೆ ತೆಗೆಸಿದರು, ಎಸ್.ಜಿ. ಶಾಸ್ತ್ರಿಗಳು ಸೋಪು ಮಾಡಿದರು. ಗುರುತು ಶರಭ: ಆನೆಯ ತಲೆ, ಸಿಂಹದ ದೇಹ. ಪುರಾಣದಿಂದ ಎತ್ತಿದ ಈ ಗುರುತು ಇಂದಿಗೂ ಹಳತಾಗಿಲ್ಲ. ಅದೇ ಸೋಪಿಗೆ 2025ರಲ್ಲಿ 6.20 ಕೋಟಿ ರೂಪಾಯಿಗೆ ನಟಿ ತಮನ್ನಾ ಅವರನ್ನು ರಾಯಭಾರಿ ಮಾಡಿದಾಗ ಕನ್ನಡಿಗರು ಸಿಟ್ಟಾದರು. ಹೊರರಾಜ್ಯದ ಮಾರುಕಟ್ಟೆಗಾಗಿ ಎಂದಿತು ಸರ್ಕಾರ. ನನ್ನ ಪ್ರಶ್ನೆ ಬೇರೆ. ಅಷ್ಟು ದುಡ್ಡಿನಲ್ಲಿ ಎಷ್ಟು ಕನ್ನಡದ ಮಕ್ಕಳಿಗೆ ಜಾಹೀರಾತು ಬರೆಯುವುದನ್ನು ಕಲಿಸಬಹುದಿತ್ತು?

ಕಲಿಸುವುದು ಹೇಗೆ ಅಂತೀರಾ? ಕೆಲಸ ಕಲಿಯಲು ಬಂದ ಹುಡುಗನನ್ನು ನಾನು ಮೊದಲು ಸಂತೆಗೆ ಕಳಿಸುತ್ತೇನೆ. ಬದನೆಕಾಯಿ ಮಾರುವ ಅವ್ವ ಏನೆಂದು ಕೂಗುತ್ತಾಳೆ, ಯಾವ ಮಾತಿಗೆ ಜನ ತಿರುಗಿ ನೋಡುತ್ತಾರೆ, ಬರೆದುಕೊಂಡು ಬಾ ಎನ್ನುತ್ತೇನೆ. ಆಕೆ ‘ತಾಜಾ’ ಎನ್ನುವುದಿಲ್ಲ. ‘ಈಗ ಹರಿದದ್ದು, ತೊಟ್ಟು ಇನ್ನೂ ಹಸಿ ಐತಿ ನೋಡ್ರಿ’ ಅಂತಾಳೆ. ಕೊಳ್ಳುವವನ ಕೈ ತಾನಾಗಿ ತೊಟ್ಟಿಗೆ ಹೋಗುತ್ತದೆ!

ಒಮ್ಮೆ ಬೀಜದ ಏಜೆಂಟರೊಬ್ಬರು ಕರಪತ್ರಕ್ಕೆ ಬಂದರು. ನಮ್ಮ ಹುಡುಗ ಥಟ್ಟನೆ ಪ್ರಾಸ ಕಟ್ಟಿದ: ‘ಈ ಬೀಜ ಬಿತ್ತು, ಸಾಲ ಒಗೆ ಕಿತ್ತು!’ ಏಜೆಂಟರು ಕುಣಿದಾಡಿದರು. ಮಾತೇನೋ ಚಲೋ ಇತ್ತು, ಕಸುಬು ಬಲ್ಲ ನನಗೂ ಹೊಟ್ಟೆಕಿಚ್ಚಾಯಿತು. ಆದರೆ ನಾನು ಅಚ್ಚು ಹಾಕಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವುದೇ ಖಾತ್ರಿಯಿಲ್ಲದ ಸೀಮೆ ನಮ್ಮದು. ಬರೀ ಸುಳ್ಳನ್ನು ರೈತ ಮರೆತಾನು. ಪ್ರಾಸ ಕಟ್ಟಿದ ಸುಳ್ಳು ಮನೆಮಕ್ಕಳ ಬಾಯಲ್ಲಿ ಉಳಿಯುತ್ತದೆ, ಸಾಲಗಾರ ಬಾಗಿಲಿಗೆ ಬಂದ ದಿನವೂ.

ಎಷ್ಟು ದಿನದ ಬೆಳೆ, ಎಷ್ಟು ನೀರು, ಎಕರೆಗೆ ಎಷ್ಟು ಬೀಜ ಕೇಳಿಕೋ, ಅದರಲ್ಲೇ ಪ್ರಾಸ ಹುಡುಕು ಎಂದೆ ಹುಡುಗನಿಗೆ. ಏಜೆಂಟರಿಗೆ ಉತ್ತರ ಗೊತ್ತಿರಲಿಲ್ಲ! ಎದ್ದು ಬೇರೆ ಪ್ರೆಸ್ಸಿಗೆ ಹೋದರು. ಗಿರಾಕಿ ಹೋದ, ನಿಜ. ಹುಡುಗ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದ.

ಬರುವ ಸಂತೆಯ ದಿನ ಬೆಳಿಗ್ಗೆ ಎಲ್ಲರೂ ಪ್ರೆಸ್ಸಿಗೆ ಬನ್ನಿ. ಪೆನ್ನು, ನೋಟ್‌ಬುಕ್ ಇರಲಿ. ಮೊಬೈಲ್ ಬೇಡ.